ನಿಮಗಿದು ಗೊತ್ತೇ? ಗೆಲುವಾದ ಪ್ರಾಣಿಯೊಳಗಿನ ಕ್ಯಾಂಪಿಲೋಬ್ಯಾಕ್ಟರ್

ಕೋಳಿ ಚೆನ್ನಾಗಿ ಮೇಯುತ್ತಿರುತ್ತದೆ. ಹೋರಿ ಮೈದುಂಬಿ ನಿಂತಿರುತ್ತದೆ. ನಾಯಿಮರಿ ಕಾಲಿಗೆ ತೊಡರಿಕೊಂಡು ಆಡುತ್ತಿರುತ್ತದೆ. ಮೂರರ ಮೈಯಲ್ಲೂ ಒಂದೇ ಕುಲದ ಬ್ಯಾಕ್ಟೀರಿಯಾ ಮನೆ ಮಾಡಿರಬಹುದು, ಮೂರಕ್ಕೂ ಏನೂ ಆಗದೆಯೂ ಇರಬಹುದು. ಅದರ ಹೆಸರು ಕ್ಯಾಂಪಿಲೋಬ್ಯಾಕ್ಟರ್. ಸಾಲ್ಮೊನೆಲ್ಲಾ, ಟೈಫಾಯ್ಡ್, ಕಾಲರಾಗಳಂತೆ ಈ ಹೆಸರು ನಮ್ಮ ಬಾಯಲ್ಲಿ ಇನ್ನೂ ಪಳಗಿಲ್ಲ. ಆದರೆ ಜಗತ್ತಿನಾದ್ಯಂತ ಭೇದಿ ತರುವ ನಾಲ್ಕು ಮುಖ್ಯ ಕಾರಣಗಳಲ್ಲಿ ಇದೂ ಒಂದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದನ, ಕುರಿ, ಕೋಳಿ ಸಾಕುವವರಿಗಂತೂ ಇದರಿಂದ ಆಗುವ ನಷ್ಟ ಬೇರೆಯೇ. ಪ್ರಾಣಿಯನ್ನು ನೋಡಿ ಇದನ್ನು ಪತ್ತೆ ಮಾಡಲು ಆಗುವುದಿಲ್ಲ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ.

● ಇದು ಬಾಗಿದ ಸಣ್ಣ ಕಡ್ಡಿಯ ಆಕಾರದ ಜೀವಿ. ಸಾಮಾನ್ಯವಾಗಿ ಒಂದು ತುದಿಗೋ ಎರಡೂ ತುದಿಗೋ ಬಾಲವಿರುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗಿರಗಿರನೆ ತಿರುಗುತ್ತ ಮುನ್ನುಗ್ಗುವುದು ಕಾಣುತ್ತದೆ. ಪಳಗಿದವರು ಆ ಓಟದಿಂದಲೇ ಇದನ್ನು ಗುರುತಿಸುತ್ತಾರೆ. ಕರುಳಿನ ಗೋಡೆಗೆ ಅಂಟಿರುವ ಲೋಳೆ ಬಹಳಷ್ಟು ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ. ಇದು ಆ ಲೋಳೆಯಲ್ಲೇ ಸಲೀಸಾಗಿ ಈಜುತ್ತದೆ.

● ಮನುಷ್ಯರಲ್ಲಿ ಅತಿ ಹೆಚ್ಚು ಕಾಯಿಲೆ ತರುವ ಪ್ರಭೇದ ಕ್ಯಾಂಪಿಲೋಬ್ಯಾಕ್ಟರ್ ಜೆಜುನಿ. ಇದಕ್ಕೆ ಹಿತವಾದ ಬಿಸಿ ಸುಮಾರು 42 ಡಿಗ್ರಿ ಸೆಲ್ಸಿಯಸ್. ಕೋಳಿಯ ಮೈಬಿಸಿಯೂ 41ರಿಂದ 42 ಡಿಗ್ರಿ. ಹಕ್ಕಿಗಳ ಕರುಳಿನಲ್ಲಿ ಇದು ಇಷ್ಟು ಸಲೀಸಾಗಿ ನೆಲೆಯೂರಲು ಇದೂ ಒಂದು ಕಾರಣ.

● ನಾವು ಉಸಿರಾಡುವ ಗಾಳಿಯಲ್ಲಿ ಶೇ 21ರಷ್ಟು ಆಮ್ಲಜನಕವಿದೆ. ಇದಕ್ಕೆ ಶೇ 5 ಸಾಕು. ಪೂರ್ತಿ ಗಾಳಿಯಲ್ಲಿ ಬೆಳೆಯುವುದಿಲ್ಲ, ಒಣಗಿದರೆ ಬೇಗ ಸಾಯುತ್ತದೆ. ಪ್ರಯೋಗಾಲಯದಲ್ಲಿ ಬೆಳೆಸಬೇಕಾದರೆ ಅನಿಲಗಳನ್ನು ಅಳೆದು ಬೆರೆಸಿದ ಮುಚ್ಚಿದ ಜಾಡಿ ಬೇಕು. ಆ ಏರ್ಪಾಡು ಇಲ್ಲದ ಕಡೆ ರೋಗಿಯ ಮಲದಲ್ಲಿ ಇದು ಎಷ್ಟಿದ್ದರೂ ವರದಿಯಲ್ಲಿ ‘ಏನೂ ಬೆಳೆದಿಲ್ಲ’ ಎಂದೇ ಬರುತ್ತದೆ.

● ಸಾಲ್ಮೊನೆಲ್ಲಾ ಅಡುಗೆಮನೆಯಲ್ಲಿ ಹೊರಗಿಟ್ಟ ಸಾರಿನಲ್ಲೂ ಬೆಳೆದು ದ್ವಿಗುಣವಾಗುತ್ತ ಹೋಗುತ್ತದೆ. ಜೆಜುನಿ ಹಾಗಲ್ಲ. 30 ಡಿಗ್ರಿಗಿಂತ ಕೆಳಗಿನ ಬಿಸಿಯಲ್ಲಿ ಅದು ಹೆಚ್ಚಾಗುವುದೇ ಇಲ್ಲ. ಹಾಗಾದರೆ ಭಯವಿಲ್ಲ ಎನ್ನುವಂತಿಲ್ಲ, ಏಕೆಂದರೆ ಕಾಯಿಲೆ ತರಲು ಅದು ಹೆಚ್ಚಾಗಬೇಕಾದ ಅಗತ್ಯವೇ ಇಲ್ಲ. 1981ರಲ್ಲಿ ಬ್ರಿಟನ್ನಿನ ರಾಬಿನ್‌ಸನ್ ಎಂಬ ವೈದ್ಯ ಸುಮಾರು 500 ಬ್ಯಾಕ್ಟೀರಿಯಾಗಳನ್ನು ಹಾಲಿಗೆ ಬೆರೆಸಿ ತಾನೇ ಕುಡಿದು ನೋಡಿದ. ಅಷ್ಟಕ್ಕೇ ಕಾಯಿಲೆ ಬಿದ್ದ. ಸೋಂಕಿತ ಹಸಿ ಕೋಳಿಯಿಂದ ತೊಟ್ಟಿಕ್ಕುವ ನೀರಿನ ಒಂದು ಹನಿಯಲ್ಲೇ ಅಷ್ಟು ಇರಬಹುದು.

● ಮನುಷ್ಯರ ವೈದ್ಯರಿಗಿಂತ ಬಹಳ ಮೊದಲೇ ಪಶುವೈದ್ಯರಿಗೆ ಇದರ ಪರಿಚಯವಾಗಿತ್ತು. ಶಿಶುಗಳ ಮಲದಲ್ಲಿ ಸುರುಳಿಯಾಕಾರದ ಬ್ಯಾಕ್ಟೀರಿಯಾ ಇದೆ ಎಂದು ಥಿಯೋಡೋರ್ ಎಶರಿಕ್ 1886ರಲ್ಲೇ ಬರೆದಿದ್ದರೂ ಅದನ್ನು ಬೆಳೆಸಲು ಅವನಿಂದ ಆಗಲಿಲ್ಲ. ಮುಂದೆ 1906ರಲ್ಲಿ ಬ್ರಿಟನ್ನಿನ ಜಾನ್ ಮೆಕ್‌ಫೇಡಿಯನ್ ಮತ್ತು ಸ್ಟುವರ್ಟ್ ಸ್ಟಾಕ್‌ಮನ್ ಎಂಬ ಪಶುವೈದ್ಯರು ಗಬ್ಬದ ಕುರಿಯೊಂದರ ಗರ್ಭಕೋಶದ ಲೋಳೆಯಲ್ಲಿ ವಿಚಿತ್ರ ಜೀವಿಯೊಂದನ್ನು ಹೇರಳವಾಗಿ ಕಂಡರು. 1919ರಲ್ಲಿ ಅಮೆರಿಕದ ಥಿಯೋಬಾಲ್ಡ್ ಸ್ಮಿತ್ ಮತ್ತು ಮರಿಯನ್ ಟೇಲರ್ ಕಂದು ಹಾಕಿದ ಹಸುಗಳಲ್ಲಿ ಸಿಕ್ಕ ಇಂಥದ್ದೇ ಜೀವಿಗೆ ‘ವಿಬ್ರಿಯೋ ಫೀಟಸ್’ ಎಂದು ಹೆಸರಿಟ್ಟರು. ಕಾಲರಾ ತರುವ ಕುಲದಲ್ಲಿ ಇದನ್ನು ಸೇರಿಸಿದ್ದರು. ಅಲ್ಲಿಂದ ಬಿಡಿಸಿ ಕ್ಯಾಂಪಿಲೋಬ್ಯಾಕ್ಟರ್ ಎಂಬ ಹೊಸ ಕುಲ ಮಾಡಿದ್ದು 1963ರಲ್ಲಿ, ಫ್ರಾನ್ಸಿನ ಸೆಬಾಲ್ಡ್ ಮತ್ತು ವೆರೋನ್.

ಮನುಷ್ಯರ ಕಡೆಯ ಕಥೆ ತೀರಾ ನಿಧಾನ. 1938ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಎರಡು ಸರ್ಕಾರಿ ಸಂಸ್ಥೆಗಳಲ್ಲಿ ಹಾಲಿನಿಂದ 355 ಜನ ಭೇದಿಗೆ ಸಿಕ್ಕರು. ಆಗಲೇ ಅನುಮಾನ ಹುಟ್ಟಿತ್ತು. ಆದರೆ ಮಲದಿಂದ ಇದನ್ನು ಬೇರ್ಪಡಿಸಲು ಸುಲಭದ ದಾರಿ ಇರಲಿಲ್ಲ. ಬೆಲ್ಜಿಯಂನ ಬುಟ್ಸ್‌ಲರ್ ಮತ್ತು ಸಂಗಡಿಗರು ಅತಿ ಸಣ್ಣ ರಂಧ್ರಗಳ ಶೋಧಕದಲ್ಲಿ ಮಲವನ್ನು ಸೋಸಿದರು. ದೊಡ್ಡ ಬ್ಯಾಕ್ಟೀರಿಯಾಗಳು ಮೇಲೆ ಉಳಿದು ಇದು ಮಾತ್ರ ನುಸುಳಿ ಕೆಳಗಿಳಿಯಿತು. 1977ರಲ್ಲಿ ಇಂಗ್ಲೆಂಡಿನ ವೂಸ್ಟರ್ ಊರಿನ ಮಾರ್ಟಿನ್ ಸ್ಕಿರೋ, ಬೇರೆ ಬ್ಯಾಕ್ಟೀರಿಯಾಗಳನ್ನು ತಡೆಯುವ ಆಂಟಿಬಯೋಟಿಕ್ ಬೆರೆಸಿದ ಮಾಧ್ಯಮವೊಂದನ್ನು ತಯಾರಿಸಿ, ಭೇದಿಯ ರೋಗಿಗಳಲ್ಲಿ ನೂರಕ್ಕೆ ಏಳು ಮಂದಿಯಲ್ಲಿ ಇದನ್ನು ತೋರಿಸಿಕೊಟ್ಟ. ಅಂದರೆ ಕುರಿಯಲ್ಲಿ ಕಂಡ 70 ವರ್ಷಗಳ ನಂತರ ಮನುಷ್ಯರ ಆಸ್ಪತ್ರೆಗಳು ಇದನ್ನು ಮಾಮೂಲಾಗಿ ಹುಡುಕತೊಡಗಿದವು.

● ಮಾಡದ ತಪ್ಪನ್ನೂ ಇದು ಹೊತ್ತಿದೆ. 1931ರಲ್ಲಿ ಕರುಗಳ ಚಳಿಗಾಲದ ಭೇದಿಗೆ, 1944ರಲ್ಲಿ ಹಂದಿಗಳ ರಕ್ತಭೇದಿಗೆ ಇದೇ ಕಾರಣ ಎಂದು ಬರೆದಿದ್ದರು. ಮುಂದೆ ಮೊದಲನೆಯದಕ್ಕೆ ಒಂದು ಕೊರೋನಾ ವೈರಸ್, ಎರಡನೆಯದಕ್ಕೆ ಬ್ರಾಕಿಸ್ಪೈರಾ ಎಂಬ ಬೇರೆಯೇ ಬ್ಯಾಕ್ಟೀರಿಯಾ ಕಾರಣ ಎಂದು ತಿಳಿಯಿತು. ಜೆಜುನಿ, ಕೋಲಿ ಎಂಬ ಪ್ರಭೇದಗಳ ಹೆಸರುಗಳು ಮಾತ್ರ ಆ ಕಾಲದಿಂದ ಹಾಗೇ ಉಳಿದಿವೆ.

● ಹೊಟ್ಟೆಹುಣ್ಣಿಗೆ ಕಾರಣವಾದ ಹೆಲಿಕೋಬ್ಯಾಕ್ಟರ್ ಪೈಲೋರಿಯನ್ನು ಮೊದಲು ಕ್ಯಾಂಪಿಲೋಬ್ಯಾಕ್ಟರ್ ಎಂದೇ ಕರೆದಿದ್ದರು. 1989ರಲ್ಲಿ ಅದು ಬೇರೆ ಕುಲವಾಯಿತು. ಅದನ್ನು ಪತ್ತೆ ಹಚ್ಚಿದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಅವರಿಗೆ 2005ರಲ್ಲಿ ನೊಬೆಲ್ ಬಂತು.

● ಈಗ ಹೋರಿಯ ವಿಷಯ. ಇದನ್ನು ಸ್ವಲ್ಪ ನಿಂತು ಹೇಳಬೇಕು. ಕ್ಯಾಂಪಿಲೋಬ್ಯಾಕ್ಟರ್ ಫೀಟಸ್‌ನ ಒಂದು ಉಪಪ್ರಭೇದ ವೆನೆರಿಯಾಲಿಸ್. ಇದು ಹೋರಿಯಿಂದ ಹಸುವಿಗೆ ಕೂಡುವಾಗ ದಾಟುವ ರೋಗಾಣು. ಹೋರಿಯ ಜನನಾಂಗದ ಹೊರಚರ್ಮದ ಮಡಿಕೆಗಳಲ್ಲಿ ಇದು ಕೂತಿರುತ್ತದೆ. ವಯಸ್ಸಾದಂತೆ ಆ ಮಡಿಕೆಗಳು ಆಳವಾಗುತ್ತವೆ. ನಾಲ್ಕು ವರ್ಷ ದಾಟಿದ ಹೋರಿ ಒಮ್ಮೆ ಸೋಂಕು ತಗುಲಿಸಿಕೊಂಡರೆ ಬದುಕಿರುವವರೆಗೆ ಹಂಚುತ್ತಲೇ ಇರಬಹುದು. ಹೋರಿಗೆ ಜ್ವರವಿಲ್ಲ, ನೋವಿಲ್ಲ, ಬಾವಿಲ್ಲ. ವೀರ್ಯದ ಗುಣವೂ ಕೆಟ್ಟಿರುವುದಿಲ್ಲ.

ಹಸುವಿನಲ್ಲಿ ಆಗುವುದು ಹೀಗೆ. ಗಬ್ಬ ಕಟ್ಟುತ್ತದೆ, ಆದರೆ ಗರ್ಭಕೋಶದ ಉರಿಯೂತದಿಂದ ಭ್ರೂಣ ಎಳೆಯದಾಗಿರುವಾಗಲೇ ಸಾಯುತ್ತದೆ. 21 ದಿನಕ್ಕೆ ಬೆದೆಗೆ ಬರಬೇಕಾದ ಹಸು 25, 30, 35 ದಿನ ಕಳೆದು ಬರುತ್ತದೆ. ರೈತನಿಗೆ ಒಳಗೆ ಭ್ರೂಣ ಸತ್ತದ್ದು ತಿಳಿಯುವುದೇ ಇಲ್ಲ, ‘ಗಬ್ಬ ನಿಲ್ಲುತ್ತಿಲ್ಲ’ ಎಂದಷ್ಟೇ ತಿಳಿಯುತ್ತದೆ. ಕೆಲವು ಹಸುಗಳು ನಾಲ್ಕರಿಂದ ಏಳು ತಿಂಗಳ ನಡುವೆ ಕಂದು ಹಾಕುತ್ತವೆ, ಆದರೆ ಅಂಥವು ಕಡಿಮೆ. ಹೆಚ್ಚಿನ ಹಸುಗಳು ಮೂರರಿಂದ ಆರು ತಿಂಗಳಲ್ಲಿ ತಾವಾಗಿಯೇ ಚೇತರಿಸಿಕೊಂಡು ಮತ್ತೆ ಗಬ್ಬ ನಿಲ್ಲುತ್ತವೆ. ಅಷ್ಟರೊಳಗೆ ಎಷ್ಟು ಹಸುಗಳನ್ನು ಗೊಡ್ಡು ಎಂದು ಮಾರಿಬಿಡುತ್ತಾರೋ! ಸೋಂಕು ಕೊಟ್ಟ ಹೋರಿ ಮಾತ್ರ ಗೌರವದಿಂದ ಊರಲ್ಲೇ ಇರುತ್ತದೆ. ಹಸುವಿಗೆ ಆಗುವ ಈ ಅನ್ಯಾಯ ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

● ಇದಕ್ಕೆ ಸಿಕ್ಕಿರುವ ಅತ್ಯುತ್ತಮ ಮದ್ದು ಕೃತಕ ಗರ್ಭಧಾರಣೆ. ಹೋರಿಯ ಮೈ ಸೋಕದಿದ್ದರೆ ರೋಗ ದಾಟಲು ದಾರಿಯಿಲ್ಲ. ಯುರೋಪಿನಲ್ಲಿ ಎರಡನೇ ಮಹಾಯುದ್ಧದ ನಂತರ ಕೃತಕ ಗರ್ಭಧಾರಣೆ ಹಬ್ಬಿದ ಕಡೆಯೆಲ್ಲ ಈ ರೋಗ ಹಿಂದೆ ಸರಿಯಿತು. ಆದರೆ ವೀರ್ಯ ಕೊಡುವ ಹೋರಿಗೇ ಸೋಂಕಿದ್ದರೆ ಒಂದೇ ಹೋರಿಯಿಂದ ಸಾವಿರಾರು ಹಸುಗಳಿಗೆ ಹೋದೀತು. ದ್ರವ ಸಾರಜನಕದ ಮೈನಸ್ 196 ಡಿಗ್ರಿ ತಂಪಿಗೂ ಇದು ಸಾಯುವುದಿಲ್ಲ. ಅದಕ್ಕೇ ವೀರ್ಯವನ್ನು ಹಿಗ್ಗಿಸುವ ದ್ರಾವಣಕ್ಕೆ ಆಂಟಿಬಯೋಟಿಕ್ ಬೆರೆಸುತ್ತಾರೆ, ಹೋರಿಗಳನ್ನು ಮೊದಲೇ ಪರೀಕ್ಷಿಸುತ್ತಾರೆ. ನಮ್ಮ ದೇಶದ ವೀರ್ಯ ಕೇಂದ್ರಗಳು ಪಾಲಿಸಬೇಕಾದ ಕನಿಷ್ಠ ನಿಯಮಗಳಲ್ಲಿ ಕ್ಷಯ, ಕಂದು ರೋಗಗಳ ಜೊತೆ ಈ ಪರೀಕ್ಷೆಯೂ ಸೇರಿದೆ. ಬೆಂಗಳೂರಿನ ಹತ್ತಿರದ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಘನೀಕೃತ ವೀರ್ಯ ಉತ್ಪಾದನಾ ಸಂಸ್ಥೆಯೇ ಇದೆ. ಊರಿನ ಹೋರಿಗೆ ಬಿಡಿಸುವುದಕ್ಕಿಂತ ಪಶು ಆಸ್ಪತ್ರೆಯಲ್ಲಿ ಕೃತಕ ಗರ್ಭಧಾರಣೆ ಮಾಡಿಸುವುದು ಮೇಲು ಎಂದು ವೈದ್ಯರು ಹೇಳುವಾಗ ತಳಿಯ ಮಾತಿನಷ್ಟೇ ಈ ರೋಗದ ಮಾತೂ ಅದರಲ್ಲಿದೆ.

● ಜಾಗತಿಕ ಪ್ರಾಣಿ ಆರೋಗ್ಯ ಸಂಸ್ಥೆಗೆ ವರದಿ ಮಾಡಬೇಕಾದ ರೋಗಗಳ ಪಟ್ಟಿಯಲ್ಲಿ ದನಗಳ ಈ ರೋಗವಿದೆ. ಜಾನುವಾರು ವ್ಯಾಪಾರದಲ್ಲಿ ಹೋರಿಗೂ ವೀರ್ಯಕ್ಕೂ ಪ್ರಮಾಣಪತ್ರ ಕೇಳುವುದು ಇದೇ ಕಾರಣಕ್ಕೆ.

● ಕುರಿಗಳಲ್ಲಿ ದಾರಿ ಬೇರೆ. ಅಲ್ಲಿ ಟಗರಿನ ಪಾತ್ರವಿಲ್ಲ, ರೋಗ ಬಾಯಿಂದ ಹೋಗುತ್ತದೆ. ಒಂದು ಕುರಿ ಕಂದು ಹಾಕಿದರೆ ಆ ಮರಿ, ಮಾಸು, ನೀರು ಎಲ್ಲದರಲ್ಲೂ ಬ್ಯಾಕ್ಟೀರಿಯಾ ತುಂಬಿರುತ್ತದೆ. ಅದು ಬಿದ್ದ ಹುಲ್ಲನ್ನು ಮೇಯ್ದ, ಅದು ಸೇರಿದ ನೀರು ಕುಡಿದ ಬೇರೆ ಗಬ್ಬದ ಕುರಿಗಳು ಒಂದರ ಹಿಂದೊಂದು ಮರಿ ಕಳೆದುಕೊಳ್ಳುತ್ತವೆ. ಇದೆಲ್ಲ ಗಬ್ಬದ ಕೊನೆಯ ಆರೇಳು ವಾರಗಳಲ್ಲಿ, ಅಂದರೆ ಮರಿ ಇನ್ನೇನು ಕೈಗೆ ಬಂತು ಎನ್ನುವ ಹೊತ್ತಿಗೆ ಆಗುತ್ತದೆ. ಮೊದಲ ಸಲ ಈ ಸೋಂಕು ಹೊಕ್ಕ ಹಿಂಡಿನಲ್ಲಿ ನಷ್ಟ ಭಾರಿ. ಸತ್ತ ಮರಿಯ ಯಕೃತ್ತನ್ನು ನೋಡಿದರೆ ಕೆಲವೊಮ್ಮೆ ದುಂಡನೆಯ, ನಡು ತಗ್ಗಿದ, ಬಿಳಿಚಿದ ಕಲೆಗಳು ಕಾಣುತ್ತವೆ. ಅನುಭವಿ ಪಶುವೈದ್ಯರಿಗೆ ಅದು ದೊಡ್ಡ ಸುಳಿವು.

ಕಂದು ಹಾಕಿದ ಕುರಿಯನ್ನು ಮಾರಿಬಿಡುವ ಆತುರ ಬೇಡ. ಒಮ್ಮೆ ರೋಗ ಬಂದು ಹೋದ ಕುರಿಗೆ ಗಟ್ಟಿ ಪ್ರತಿರೋಧ ಬಂದಿರುತ್ತದೆ, ಮುಂದಿನ ಸಲ ಸಾಮಾನ್ಯವಾಗಿ ಚೆನ್ನಾಗಿ ಈಯುತ್ತದೆ. ಅದನ್ನು ಕೊಟ್ಟು ರೋಗ ಕಂಡಿಲ್ಲದ ಹೊಸ ಕುರಿ ತಂದರೆ ಮತ್ತೆ ಮೊದಲಿಂದ ಶುರು. ಅಮೆರಿಕ, ನ್ಯೂಜಿಲೆಂಡ್‌ಗಳಲ್ಲಿ ಇದಕ್ಕೆ ಲಸಿಕೆಯಿದೆ.

● ಅಮೆರಿಕದ ಕುರಿ ಸಾಕಣೆಯಲ್ಲಿ ಒಂದು ವಿಚಿತ್ರ ನಡೆಯಿತು. ಮೊದಲು ಅಲ್ಲಿ ಕುರಿಗಳ ಗರ್ಭಪಾತಕ್ಕೆ ಹೆಚ್ಚಾಗಿ ಫೀಟಸ್ ಪ್ರಭೇದವೇ ಕಾರಣವಾಗಿತ್ತು. ನಂತರ ಜೆಜುನಿಯ ಒಂದೇ ಒಂದು ತಳಿ ದೇಶದ ತುಂಬ ಹರಡಿ ಅದರ ಜಾಗ ಹಿಡಿಯಿತು. ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಇದನ್ನು ವರದಿ ಮಾಡಿ ‘ಎಸ್‌ಎ’ ತಳಿ ಎಂದು ಕರೆದರು. ಕುರಿಗಳ ಗರ್ಭಪಾತ ತಡೆಯಲು ಅಲ್ಲಿ ದಶಕಗಳಿಂದ ಬಳಸುತ್ತ ಬಂದದ್ದು ಟೆಟ್ರಾಸೈಕ್ಲಿನ್. ಈ ತಳಿಗೆ ಆ ಔಷಧ ನಾಟುವುದೇ ಇಲ್ಲ! ಅಲ್ಲಿ ಹಸಿ ಹಾಲು ಕುಡಿದು ಕಾಯಿಲೆ ಬಿದ್ದವರಲ್ಲೂ ಇದೇ ತಳಿ ಸಿಕ್ಕಿದೆ.

● ಬಿದ್ದ ಮಾಸನ್ನು ಕಚ್ಚಿ ಹಾರುವ ಕಾಗೆಯ ಬಳಗದ ಹಕ್ಕಿಗಳು ಒಂದು ಹಿಂಡಿನಿಂದ ಇನ್ನೊಂದಕ್ಕೆ ರೋಗ ಒಯ್ಯುತ್ತವೆ. ಇಂಗ್ಲೆಂಡಿನಲ್ಲಿ ಅವು ಇನ್ನೊಂದು ಕೆಲಸವನ್ನೂ ಮಾಡಿದವು. ಬೆಳಗಿನ ಹೊತ್ತು ಮನೆ ಬಾಗಿಲಲ್ಲಿ ಇಟ್ಟು ಹೋದ ಹಾಲಿನ ಬಾಟಲಿಗಳ ತಗಡಿನ ಮುಚ್ಚಳವನ್ನು ಕುಕ್ಕಿ ತೂತು ಮಾಡಿ ಕೆನೆ ಹೀರುತ್ತಿದ್ದವು. 1990ರ ಆಸುಪಾಸಿನಲ್ಲಿ ಅಂಥ ಬಾಟಲಿಯ ಹಾಲು ಕುಡಿದವರಿಗೆ ಕ್ಯಾಂಪಿಲೋಬ್ಯಾಕ್ಟರ್ ಭೇದಿ ತಗುಲಿದ್ದನ್ನು ವೈದ್ಯರು ಪತ್ತೆ ಮಾಡಿದರು. ಪಾಶ್ಚರೀಕರಿಸಿದ ಹಾಲೇ, ಆದರೆ ಕೆಟ್ಟದ್ದು ಬಾಗಿಲಿಗೆ ಬಂದ ಮೇಲೆ.

● ಕೋಳಿಮರಿ ಮೊಟ್ಟೆಯೊಡೆದು ಬರುವಾಗ ಸಾಮಾನ್ಯವಾಗಿ ಈ ಬ್ಯಾಕ್ಟೀರಿಯಾ ಅದರಲ್ಲಿ ಇರುವುದಿಲ್ಲ. ತಾಯಿಯಿಂದ ಬಂದ ರಕ್ಷಣೆ ಮೊದಲ ಎರಡು ಮೂರು ವಾರ ಕಾಯುತ್ತದೆ. ಆಮೇಲೆ ಹೊರಗಿಂದ ಒಂದಿಷ್ಟು ಒಳಗೆ ಬಂದರೆ ಸಾಕು. ಕೋಳಿ ಹಿಕ್ಕೆಯನ್ನು ಕುಕ್ಕುವ ಪ್ರಾಣಿ, ಎಲ್ಲವೂ ಒಂದೇ ನೀರಿನ ಪೈಪಿನಲ್ಲಿ ಕುಡಿಯುತ್ತವೆ. ವಾರದೊಳಗೆ ಇಡೀ ಬ್ಯಾಚಿಗೆ ಹಬ್ಬಿರುತ್ತದೆ. ಕುರುಡುಗರುಳಿನ ಒಂದು ಗ್ರಾಮಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ. ತೂಕ ಬರುತ್ತಿರುತ್ತದೆ, ಮೇವು ತಿನ್ನುತ್ತಿರುತ್ತವೆ. ಸಾಕುವವನಿಗೆ ಸುಳಿವೇ ಇಲ್ಲ.

● ಶೆಡ್ಡಿನೊಳಕ್ಕೆ ಇದು ಬರುವ ದಾರಿಗಳಲ್ಲಿ ಮುಖ್ಯವಾದವು ಮನುಷ್ಯನ ಕಾಲು ಮತ್ತು ನೊಣದ ಕಾಲು. ಡೆನ್ಮಾರ್ಕಿನಲ್ಲಿ 2006ರ ಬೇಸಿಗೆಯಲ್ಲಿ ಕೆಲವು ಶೆಡ್ಡುಗಳ ಗಾಳಿಕಿಂಡಿಗಳಿಗೆ ನೊಣದ ಬಲೆ ಹಾಕಿ ನೋಡಿದರು. ಬಲೆ ಇಲ್ಲದ ಶೆಡ್ಡುಗಳಲ್ಲಿ ಶೇ 51ರಷ್ಟು ಬ್ಯಾಚುಗಳಿಗೆ ಸೋಂಕು ತಗುಲಿತು, ಬಲೆ ಇದ್ದಲ್ಲಿ ಶೇ 15ಕ್ಕೆ ಮಾತ್ರ. ಇಷ್ಟು ಅಗ್ಗದ ಉಪಾಯ ಇಷ್ಟು ಕೆಲಸ ಮಾಡಿದ್ದು ನನಗೆ ಈ ವಿಷಯದಲ್ಲೇ ಅತ್ಯಂತ ಖುಷಿ ಕೊಟ್ಟ ಸಂಗತಿ. ಮಾರಾಟಕ್ಕೆಂದು ಅರ್ಧ ಕೋಳಿಗಳನ್ನು ಮೊದಲೇ ಹಿಡಿದು, ಉಳಿದವನ್ನು ಇನ್ನೊಂದು ವಾರ ಬೆಳೆಸುವ ಪದ್ಧತಿಯೂ ಅಪಾಯದ್ದೇ. ಕೋಳಿ ಹಿಡಿಯಲು ಶೆಡ್ಡಿನಿಂದ ಶೆಡ್ಡಿಗೆ ತಿರುಗುವವರ ಬೂಟು, ಕ್ರೇಟುಗಳ ಜೊತೆ ಸೋಂಕೂ ಬರುತ್ತದೆ.

● ಮನುಷ್ಯರ ಭೇದಿಯಲ್ಲಿ ಕೋಳಿಯ ಪಾಲು ಎಷ್ಟು? 1999ರಲ್ಲಿ ಬೆಲ್ಜಿಯಂನಲ್ಲಿ ಕೋಳಿ ಮೇವಿಗೆ ಡಯಾಕ್ಸಿನ್ ವಿಷ ಬೆರೆತದ್ದು ಗೊತ್ತಾಗಿ ಜೂನ್ ತಿಂಗಳಲ್ಲಿ ಕೋಳಿ, ಮೊಟ್ಟೆಗಳನ್ನು ಅಂಗಡಿಗಳಿಂದ ತೆಗೆಸಿದರು. ಆ ವಾರಗಳಲ್ಲಿ ಕ್ಯಾಂಪಿಲೋಬ್ಯಾಕ್ಟರ್ ರೋಗಿಗಳ ಸಂಖ್ಯೆ ಶೇ 40ರಷ್ಟು ಇಳಿಯಿತು. ಕೋಳಿ ಮತ್ತೆ ಬಂತು, ರೋಗಿಗಳೂ ಮತ್ತೆ ಬಂದರು.

● ಐಸ್‌ಲೆಂಡ್ ಇನ್ನೊಂದು ದಾರಿ ಹಿಡಿಯಿತು. ಅಲ್ಲಿ ಫ್ರೀಜ್ ಮಾಡಿದ ಕೋಳಿಯ ಬದಲು ತಾಜಾ ಕೋಳಿ ಮಾರಲು ತೊಡಗಿದ ಮೇಲೆ ರೋಗ ಏರಿ 1999ರಲ್ಲಿ ತುದಿ ಮುಟ್ಟಿತು. ಆಮೇಲೆ ಕಡಿಯುವ ಮೊದಲೇ ಪ್ರತಿ ಬ್ಯಾಚನ್ನೂ ಪರೀಕ್ಷಿಸಿ, ಸೋಂಕಿದ್ದ ಬ್ಯಾಚಿನ ಮಾಂಸವನ್ನು ಫ್ರೀಜ್ ಮಾಡಿಯೇ ಮಾರಬೇಕೆಂದು ಮಾಡಿದರು. ಫ್ರೀಜ್ ಮಾಡಿದರೆ ಬ್ಯಾಕ್ಟೀರಿಯಾ ಪೂರ್ತಿ ಸಾಯುವುದಿಲ್ಲ, ಆದರೆ ಸಂಖ್ಯೆ ಬಹಳ ಕುಗ್ಗುತ್ತದೆ. ಮರುವರ್ಷವೇ ರೋಗಿಗಳ ಸಂಖ್ಯೆ ಮೂರನೇ ಒಂದು ಭಾಗದ ಆಸುಪಾಸಿಗೆ ಬಂತು. ನ್ಯೂಜಿಲೆಂಡಿನಲ್ಲಿ 2006ರಲ್ಲಿ ಸುಮಾರು 16,000 ಪ್ರಕರಣಗಳು ದಾಖಲಾಗಿದ್ದವು. ಕೋಳಿ ಉದ್ಯಮಕ್ಕೆ ಕಟ್ಟುನಿಟ್ಟಿನ ನಿಯಮ ತಂದ ಮೇಲೆ 2008ರ ಹೊತ್ತಿಗೆ ಅವು ಅರ್ಧಕ್ಕಿಂತ ಕೆಳಗಿಳಿದವು. ತಿನ್ನುವವರಿಗೆ ಉಪದೇಶ ಮಾಡುವುದಕ್ಕಿಂತ ಬೆಳೆಸುವ, ಕಡಿಯುವ ಜಾಗದಲ್ಲಿ ಬಿಗಿ ಮಾಡಿದರೆ ಫಲ ದೊಡ್ಡದು ಎಂಬುದನ್ನು ಈ ಎರಡೂ ದ್ವೀಪ ದೇಶಗಳು ತೋರಿಸಿವೆ.

● ಕೋಳಿಗೆ ಏನೂ ಆಗುವುದಿಲ್ಲ ಎಂದೆವಲ್ಲ, ಒಂದು ಪ್ರಭೇದ ಅದಕ್ಕೆ ಹೊರತು. ಕ್ಯಾಂಪಿಲೋಬ್ಯಾಕ್ಟರ್ ಹೆಪಾಟಿಕಸ್ ಎಂಬುದು ಮೊಟ್ಟೆ ಕೋಳಿಗಳ ಯಕೃತ್ತಿನ ತುಂಬ ಸಣ್ಣ ಬಿಳಿ ಚುಕ್ಕೆಗಳನ್ನು ಮೂಡಿಸುತ್ತದೆ. ಮೊಟ್ಟೆ ಇಳಿಯುತ್ತದೆ, ಗಟ್ಟಿಮುಟ್ಟಾಗಿದ್ದ ಕೋಳಿಗಳೇ ಸಾಯುತ್ತವೆ. ಈ ರೋಗ 1950ರ ದಶಕದಿಂದ ಗೊತ್ತಿದ್ದರೂ ಕಾರಣವಾದ ಜೀವಿಗೆ ಹೆಸರು ಸಿಕ್ಕಿದ್ದು 2016ರಲ್ಲಿ, ಆಸ್ಟ್ರೇಲಿಯಾದ ಸಂಶೋಧಕರಿಂದ. ಕಟ್ಟಿ ಸಾಕಿದವಕ್ಕಿಂತ ಹೊರಗೆ ಬಿಟ್ಟು ಸಾಕುವ ಕೋಳಿಗಳಲ್ಲೇ ಇದು ಹೆಚ್ಚು.

● ಗಲ್ ಹಕ್ಕಿಗಳಿಗೆ ಒಂದು ಪ್ರಭೇದ, ಸೀಲ್‌ಗಳಿಗೆ ಒಂದು, ಇಗ್ವಾನಾಗಳಿಗೆ ಒಂದು. ಹಂದಿಗಳ ಕರುಳಿನಲ್ಲಿ ಹೆಚ್ಚಾಗಿ ಸಿಗುವುದು ಕ್ಯಾಂಪಿಲೋಬ್ಯಾಕ್ಟರ್ ಕೋಲಿ. ಆಮೆಯಲ್ಲೂ ಉಂಟು. ನಮ್ಮದೇ ಹಲ್ಲಿನ ವಸಡಿನಲ್ಲೂ ಕೆಲವು ಇವೆ.

● ನಾಯಿಗಳಲ್ಲಿ ಹೆಚ್ಚಾಗಿ ಕಾಣುವ ಪ್ರಭೇದಕ್ಕೆ ಅದನ್ನು ಮೊದಲು ಗುರುತಿಸಿದ ಸ್ವೀಡನ್ನಿನ ಉಪ್ಸಾಲಾ ಊರಿನ ಹೆಸರಿದೆ. ದೊಡ್ಡ ನಾಯಿಗಳಿಗೆ ಇದರಿಂದ ತೊಂದರೆ ಕಡಿಮೆ. ಆರು ತಿಂಗಳೊಳಗಿನ ಮರಿಗಳಿಗೆ ಲೋಳೆ, ಕೆಲವೊಮ್ಮೆ ರಕ್ತ ಬೆರೆತ ಭೇದಿಯಾಗಬಹುದು. ಅಮೆರಿಕದಲ್ಲಿ 2016ರಿಂದ 2018ರ ನಡುವೆ ಅಂಗಡಿಯಿಂದ ತಂದ ನಾಯಿಮರಿಗಳಿಂದ 17 ರಾಜ್ಯಗಳ 113 ಜನರಿಗೆ ಜೆಜುನಿ ಸೋಂಕು ತಗುಲಿತು. ಮಾಮೂಲಿ ಔಷಧಗಳು ಅದಕ್ಕೆ ನಾಟಲಿಲ್ಲ. ತನಿಖೆ ಮಾಡಿದ 149 ಮರಿಗಳಲ್ಲಿ 142ಕ್ಕೆ ಮೊದಲೇ ಆಂಟಿಬಯೋಟಿಕ್ ಕೊಡಲಾಗಿತ್ತು. ಅವುಗಳಲ್ಲಿ ಬಹಳಷ್ಟಕ್ಕೆ ಕಾಯಿಲೆಯೇ ಇರಲಿಲ್ಲ, ಬಾರದಿರಲಿ ಎಂದು ಕೊಟ್ಟದ್ದು.

● ಔಷಧ ನಾಟದ ಸ್ಥಿತಿ ಹೇಗೆ ಬಂತು? ಎನ್ರೋಫ್ಲಾಕ್ಸಾಸಿನ್ ಎಂಬ ಔಷಧವನ್ನು ಕೋಳಿಗಳಿಗೆ ಕುಡಿಯುವ ನೀರಿನಲ್ಲಿ ಕೊಡುತ್ತಾರೆ. ಮನುಷ್ಯರಿಗೆ ಕೊಡುವ ಸಿಪ್ರೋಫ್ಲಾಕ್ಸಾಸಿನ್ ಇದರ ಒಡಹುಟ್ಟು. ನೆದರ್‌ಲೆಂಡ್ಸಿನಲ್ಲಿ 1982ರಲ್ಲಿ ಈ ಗುಂಪಿನ ಔಷಧಕ್ಕೆ ಜಗ್ಗದ ಕ್ಯಾಂಪಿಲೋಬ್ಯಾಕ್ಟರ್ ಇರಲಿಲ್ಲ. ಕೋಳಿಗಳಿಗೆ ಎನ್ರೋಫ್ಲಾಕ್ಸಾಸಿನ್ ಬಂದ ಮೇಲೆ, 1989ರ ಹೊತ್ತಿಗೆ ಕೋಳಿಗಳಲ್ಲಿ ಶೇ 14, ಮನುಷ್ಯರಲ್ಲಿ ಶೇ 11 ಮಾದರಿಗಳು ಜಗ್ಗದವಾಗಿದ್ದವು. ಅಮೆರಿಕ 2005ರ ಸೆಪ್ಟೆಂಬರಿನಲ್ಲಿ ಕೋಳಿಗಳಿಗೆ ಇದನ್ನು ನಿಷೇಧಿಸಿತು. ಆದರೂ ಅಲ್ಲಿ ಜಗ್ಗದ ತಳಿಗಳು ಕೂಡಲೇ ಮಾಯವಾಗಲಿಲ್ಲ. ಔಷಧದ ಹಂಗಿಲ್ಲದೆಯೂ ಅಂಥ ತಳಿಗಳು ಕೋಳಿಯ ಕರುಳಿನಲ್ಲಿ ಮಾಮೂಲಿ ತಳಿಗಳನ್ನು ಹಿಂದಿಕ್ಕಬಲ್ಲವು ಎಂದು ಪ್ರಯೋಗಗಳು ತೋರಿಸಿವೆ. ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಈ ಗುಂಪಿನ ಔಷಧವನ್ನು ಮೊದಲಿಂದಲೂ ಒಪ್ಪದ ಆಸ್ಟ್ರೇಲಿಯಾದಲ್ಲಿ ಸಮಸ್ಯೆ ಬಹಳ ಕಡಿಮೆ. ಬಂದ ಮೇಲೆ ಹಿಂದಕ್ಕೆ ಕಳಿಸುವುದು ಕಷ್ಟ. ನಮ್ಮ ಫಾರಂಗಳಲ್ಲಿ ನೀರಿಗೆ ಔಷಧ ಸುರಿಯುವ ಮೊದಲು ಪಶುವೈದ್ಯರನ್ನು ಕೇಳಿ ಎಂದು ಒತ್ತಿ ಹೇಳುವುದು ಇದಕ್ಕೇ.

● ನೀರಿನಿಂದ ಬಂದಾಗ ಊರಿಗೆ ಊರೇ ಮಲಗುತ್ತದೆ. ಕೆನಡಾದ ವಾಕರ್ಟನ್ ಊರಿನಲ್ಲಿ 2000ದ ಮೇ ತಿಂಗಳಲ್ಲಿ ಜೋರು ಮಳೆಗೆ ದನದ ಗೊಬ್ಬರ ಸಾರ್ವಜನಿಕ ಬಾವಿಯೊಂದಕ್ಕೆ ಇಳಿಯಿತು. ವಿಷಕಾರಿ ಇ. ಕೋಲಿ ಮತ್ತು ಜೆಜುನಿ ಎರಡೂ ಸೇರಿ ಸುಮಾರು 2,300 ಜನ ಕಾಯಿಲೆ ಬಿದ್ದರು, ಏಳು ಜನ ತೀರಿಕೊಂಡರು. ನ್ಯೂಜಿಲೆಂಡಿನ ಹ್ಯಾವ್‌ಲಾಕ್ ನಾರ್ತ್‌ನಲ್ಲಿ 2016ರ ಆಗಸ್ಟಿನಲ್ಲಿ ಕುರಿ ಹಿಕ್ಕೆ ಮಳೆನೀರಿನೊಂದಿಗೆ ಕೊಳವೆಬಾವಿಯ ಜಲಮೂಲ ಸೇರಿತು. 14,000 ಜನರಿರುವ ಆ ಊರಿನಲ್ಲಿ ಕಾಯಿಲೆ ಬಿದ್ದವರು ಸುಮಾರು 5,500 ಎಂದು ಅಂದಾಜಾಯಿತು. ಆ ನೀರಿಗೆ ಕ್ಲೋರಿನ್ ಹಾಕುತ್ತಿರಲಿಲ್ಲ. ಚಿಟಿಕೆ ಕ್ಲೋರಿನ್ನಿಗೆ ಸಾಯುವ ಜೀವಿ ಇದು.

● ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2007ರಲ್ಲಿ ನಡೆದ ಸೈಕಲ್ ಸ್ಪರ್ಧೆಯೊಂದರಲ್ಲಿ ಕೆಸರು ಮುಖಕ್ಕೆ ಹಾರಿ 200ಕ್ಕೂ ಹೆಚ್ಚು ಸವಾರರು ಈ ಭೇದಿಗೆ ಸಿಕ್ಕರು. ಅಮೆರಿಕದ ವ್ಯೋಮಿಂಗ್‌ನಲ್ಲಿ 2011ರಲ್ಲಿ ಹಳೆಯ ಪದ್ಧತಿಯಂತೆ ಟಗರು ಮರಿಗಳ ಬೀಜವನ್ನು ಹಲ್ಲಿನಿಂದಲೇ ಎಳೆದು ತೆಗೆದ ಇಬ್ಬರು ಕೆಲಸಗಾರರಿಗೆ ಜೆಜುನಿ ತಗುಲಿತು.

● ಮನುಷ್ಯನಲ್ಲಿ ಸೋಂಕು ಹೊಕ್ಕ ಎರಡರಿಂದ ಐದು ದಿನಕ್ಕೆ ಜ್ವರ, ಹೊಟ್ಟೆ ಹಿಂಡುವ ನೋವು, ಕೆಲವೊಮ್ಮೆ ರಕ್ತಭೇದಿ. ನೋವು ಅಪೆಂಡಿಸೈಟಿಸ್ ಎಂದು ದಾರಿ ತಪ್ಪಿಸುವಷ್ಟು ಜೋರಾಗಿರಬಹುದು. ಬಹುತೇಕರು ಉಪ್ಪು ಸಕ್ಕರೆ ನೀರು, ವಿಶ್ರಾಂತಿಯಲ್ಲೇ ವಾರದೊಳಗೆ ಗುಣವಾಗುತ್ತಾರೆ. ಸುಮಾರು ಸಾವಿರಕ್ಕೆ ಒಬ್ಬರಲ್ಲಿ ಮಾತ್ರ, ಭೇದಿ ನಿಂತ ಒಂದೆರಡು ವಾರಕ್ಕೆ ಕಾಲುಗಳಿಂದ ಮೇಲೇರುವ ನಿಶ್ಶಕ್ತಿ ಶುರುವಾಗುತ್ತದೆ. ಅದು ಗೀಯಾನ್ ಬಾರೆ ಕಾಯಿಲೆ. ಈ ಬ್ಯಾಕ್ಟೀರಿಯಾದ ಹೊರಕವಚದ ಸಕ್ಕರೆಯ ರಚನೆ ನಮ್ಮ ನರಗಳ ಮೇಲಿನ ಒಂದು ಕೊಬ್ಬಿನಂಶವನ್ನು ಹೋಲುತ್ತದೆ. ಬ್ಯಾಕ್ಟೀರಿಯಾದ ಮೇಲೆ ಹೊರಟ ರಕ್ಷಣಾ ಪಡೆ ತನ್ನ ನರಗಳ ಮೇಲೇ ಬೀಳುತ್ತದೆ. ಭೇದಿಯಾಗಿ ವಾಸಿಯಾದ ಮೇಲೆ ಮೆಟ್ಟಿಲು ಹತ್ತಲು ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

● ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಮಕ್ಕಳ ಮಾತು. ತಮಿಳುನಾಡಿನ ವೆಲ್ಲೂರು ಸೇರಿ ಎಂಟು ದೇಶಗಳ ಎಂಟು ಕಡೆ ಎಳೆಯ ಮಕ್ಕಳನ್ನು ಹುಟ್ಟಿದಂದಿನಿಂದ ಎರಡು ವರ್ಷ ಹಿಂಬಾಲಿಸಿದ ದೊಡ್ಡ ಅಧ್ಯಯನವೊಂದಿದೆ. ಮೊದಲ ಹುಟ್ಟುಹಬ್ಬದ ಹೊತ್ತಿಗೆ ಬಹುಪಾಲು ಮಕ್ಕಳ ಮಲದಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಕಂಡಿತ್ತು, ಭೇದಿ ಇಲ್ಲದ ಮಕ್ಕಳಲ್ಲೂ. ಮತ್ತೆ ಮತ್ತೆ ಸೋಂಕು ತಗುಲಿದ ಮಕ್ಕಳು ಎರಡು ವರ್ಷಕ್ಕೆ ಉಳಿದವರಿಗಿಂತ ಗಿಡ್ಡವಾಗಿದ್ದರು. ರಾತ್ರಿ ಕೋಳಿಗಳನ್ನು ಮನೆಯೊಳಗೆ ಮಂಕರಿಯಡಿ ಕವುಚಿ ಹಾಕುವುದು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಉಂಟು. ಅದೇ ನೆಲದಲ್ಲಿ ಬೆಳಿಗ್ಗೆ ಮಗು ಅಂಬೆಗಾಲಿಟ್ಟು ಕೈ ಬಾಯಿಗಿಡುತ್ತದೆ. ಕೋಳಿಗೆ ಹೊರಗೊಂದು ಗೂಡು ಕಟ್ಟಿದರೆ ಮಗುವಿಗೂ ಒಳ್ಳೆಯದು.

● ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯಬೇಡಿ ಎಂದು ಬ್ರಿಟನ್ನಿನ ಆಹಾರ ಸುರಕ್ಷತಾ ಸಂಸ್ಥೆ 2014ರಲ್ಲಿ ದೇಶಕ್ಕೆಲ್ಲ ಸಾರಿತು. ನೀರಿನ ಹನಿಗಳ ಜೊತೆ ಬ್ಯಾಕ್ಟೀರಿಯಾ ಸುತ್ತಲ ಪಾತ್ರೆ, ಸೊಪ್ಪು, ಬಟ್ಟೆಗೆ ಹಾರುತ್ತದೆ. ಅರಿಶಿನ, ಉಪ್ಪು ಹಾಕಿ ತೊಳೆಯದ ಕೋಳಿಯನ್ನು ನಮ್ಮ ಮನೆಗಳಲ್ಲಿ ಒಪ್ಪುವುದಿಲ್ಲ ಎಂಬುದು ಗೊತ್ತು. ತೊಳೆಯಲೇಬೇಕಾದರೆ ಅಗಲ ಪಾತ್ರೆಯಲ್ಲಿ ನೀರು ತುಂಬಿ, ಅದರೊಳಗೆ ಮುಳುಗಿಸಿ ಮೆಲ್ಲಗೆ ತೊಳೆಯಿರಿ. ಆಮೇಲೆ ಸಿಂಕು, ಕೈ, ಚಾಕು, ಮಣೆಗೆ ಸೋಪು ಹಾಕಿ. ಆ ಮಣೆಯ ಮೇಲೆ ಸೌತೆಕಾಯಿ, ಈರುಳ್ಳಿ ಹೆಚ್ಚಬೇಡಿ. ಕುದಿಯುವ ಕೋಳಿ ಸಾರಿನಲ್ಲಿ ಇದು ಬದುಕುವುದಿಲ್ಲ. ಒಳಗೆ ಕೆಂಪು ಉಳಿದ ಸುಟ್ಟ ಕೋಳಿಯಲ್ಲಿ, ಅರೆಬೆಂದ ಈಲಿಯಲ್ಲಿ ಬದುಕುತ್ತದೆ.

● ಪಾಶ್ಚರೀಕರಣದ 72 ಡಿಗ್ರಿ, 15 ಸೆಕೆಂಡು ಇದಕ್ಕೆ ಸಾಕು. ಹಾಲನ್ನು ಉಕ್ಕುವವರೆಗೆ ಕಾಯಿಸುವ ನಮ್ಮ ರೂಢಿ ಅದಕ್ಕಿಂತ ಗಟ್ಟಿ. ಕಾಯಿಸದ ಹಾಲೇ ಆರೋಗ್ಯಕ್ಕೆ ಒಳ್ಳೆಯದೆಂಬ ಹೊಸ ಮಾತು ಈಗ ನಗರಗಳಲ್ಲಿ ಓಡಾಡುತ್ತಿದೆ. ಅದನ್ನು ನಂಬಬೇಡಿ.

● ಕೊನೆಯದಾಗಿ ದನ, ಕುರಿ ಸಾಕುವವರಿಗೆ. ಹಸು ಎರಡು ಮೂರು ಸಲ ತಿರುಗಿ ಬೆದೆಗೆ ಬಂದರೆ ಅದನ್ನು ಗೊಡ್ಡೆಂದು ಮಾರುವ ಮೊದಲು ಪಶುವೈದ್ಯರಿಗೆ ತೋರಿಸಿ, ಊರ ಹೋರಿಗೆ ಬಿಟ್ಟಿದ್ದರೆ ಆ ಮಾತನ್ನೂ ಹೇಳಿ. ಕಂದು ಹಾಕಿದ ಮರಿ, ಮಾಸನ್ನು ಬರಿಗೈಯಲ್ಲಿ ಮುಟ್ಟಬೇಡಿ, ನಾಯಿಗೆ ಎಸೆಯಬೇಡಿ, ಗರ್ಭಿಣಿಯರನ್ನು ಹತ್ತಿರ ಬಿಡಬೇಡಿ. ಒಂದು ಮರಿಯನ್ನೂ ಮಾಸಿನ ತುಂಡನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ತಂಪಾಗಿಟ್ಟು, ಆ ದಿನವೇ ಪಶು ಆಸ್ಪತ್ರೆಗೆ ತಲುಪಿಸಿ. ಉಳಿದದ್ದನ್ನು ಸುಣ್ಣ ಹಾಕಿ ಆಳವಾಗಿ ಹೂಳಿ. ಯಾವ ರೋಗವೆಂದು ತಿಳಿಯಲು ವೈದ್ಯರಿಗೆ ಆ ಮಾದರಿಯೇ ಬೇಕು, ಮತ್ತು ಅದು ತಾಜಾ ಇರಬೇಕು.